ಐದು ಅಡಿಯ ಅಕ್ವೇರಿಯಂ: ನೀರು ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಸ್ಟ್ಯಾಂಡ್ ಮಟ್ಟ ಮಾಡುವುದು ಹೇಗೆ?

ಕೇಶ್ವಾಪುರದವ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನೆಲಮಹಡಿಯ ಮನೆ ನಮ್ಮದು. 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ಮಾಡಿಸಿದ್ದೇನೆ. ಗಾಜು 12 ಮಿ.ಮೀ., ಕೆಳಗೆ ಪ್ಲಾಸ್ಟಿಕ್ ಚೌಕಟ್ಟು ಇಲ್ಲ. ಸ್ಟ್ಯಾಂಡ್ 40×40 ಮಿ.ಮೀ. ಕಬ್ಬಿಣದ ಚೌಕ ಪೈಪಿನದು, ಆರು ಕಾಲು, ಮೇಲೆ 18 ಮಿ.ಮೀ. ಪ್ಲೈವುಡ್. ಸೋರುತ್ತದೆಯೇ ನೋಡೋಣವೆಂದು ಅರ್ಧ ತುಂಬಿಸಿದರೆ, ಎಡತುದಿಗಿಂತ ಬಲತುದಿಯಲ್ಲಿ ನೀರು ಗಾಜಿನ ಮೇಲೆ ಸುಮಾರು 8 ಮಿ.ಮೀ. ಎತ್ತರಕ್ಕೆ ನಿಂತಿದೆ. ಹಿಂದಿನ ಬಲಮೂಲೆಯಲ್ಲಿ ಇನ್ನೂ ಹೆಚ್ಚು. ಸೋಫಾದಲ್ಲಿ ಕುಳಿತರೆ ಕಣ್ಣಿಗೆ ಹೊಡೆಯುತ್ತದೆ.

ಟ್ಯಾಂಕ್ ಕೊಟ್ಟವರು "ಕೆಳಗೆ ದಪ್ಪ ಥರ್ಮಾಕೋಲ್ ಹಾಕಿ, ತಾನೇ ಮಟ್ಟಕ್ಕೆ ಬರುತ್ತದೆ" ಎನ್ನುತ್ತಾರೆ. ಮನೆಯವರದು ಬೇರೆಯೇ ರಾಗ: ಹಾಲ್‌ನಲ್ಲಿ ಜಾಗ ತಿನ್ನುತ್ತದೆ, ಮೇಲಿನ ಮಹಡಿಗೆ ಸಾಗಿಸಿ. ಮಲಪ್ರಭೆಯ ನೀರು ಬಿಡುವ ದಿನಕ್ಕೆ ಕಾದು ತುಂಬಿಸಿದ ನೀರು, ಚೆಲ್ಲಲು ಮನಸ್ಸು ಬರುತ್ತಿಲ್ಲ. ಖಾಲಿ ಮಾಡದೆ ಸರಿಪಡಿಸುವ ದಾರಿ ಇದೆಯೇ?

ಬೆಟಗೇರಿ ಮೀನು

ಗದಗದಿಂದ ಬರೆಯುತ್ತಿದ್ದೇನೆ. ನಮ್ಮ 3 ಅಡಿಯ ಗೋಲ್ಡ್‌ಫಿಶ್ ಟ್ಯಾಂಕ್ ವರ್ಷಗಳಿಂದ ಥರ್ಮಾಕೋಲ್ ಮೇಲೆಯೇ ಕುಳಿತಿದೆ, ಒಂದು ಹನಿ ಸೋರಿಲ್ಲ. ಅಂಗಡಿಯವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ರಸಮಟ್ಟ

ತಲೆ ಕೆಡಿಸಿಕೊಳ್ಳಬೇಕಾದ ವಿಷಯವೇ. 3 ಅಡಿಯ ಟ್ಯಾಂಕಿಗೂ 5 ಅಡಿಯದಕ್ಕೂ ಅಜಗಜಾಂತರ. ಕೇಶ್ವಾಪುರದವರ ಟ್ಯಾಂಕಿನ ಅಳತೆ 20 ಘನ ಅಡಿ, ಅಂದರೆ ಸುಮಾರು 566 ಲೀಟರ್. ಮೇಲೆ ಸ್ವಲ್ಪ ಬಿಟ್ಟು, ಗಾಜಿನ ದಪ್ಪ ಕಳೆದರೂ 500 ಲೀಟರ್ ನೀರು, ಎಂದರೆ 500 ಕಿಲೋ. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕಿಲೋ ತೂಗುತ್ತದೆ. ಐದೂ ಹಲಗೆ ಸೇರಿ ನೂರು ಕಿಲೋ ದಾಟುತ್ತದೆ. ಮರಳು, ಕಲ್ಲು, ಸ್ಟ್ಯಾಂಡ್ ಸೇರಿದರೆ ಮುಕ್ಕಾಲು ಟನ್ ಎಂದು ಹಿಡಿಯಿರಿ.

ಮೊದಲು ಎರಡು ದೋಷಗಳನ್ನು ಬೇರೆ ಮಾಡಿ ನೋಡಿ. ಟ್ಯಾಂಕ್ ಒಟ್ಟಾಗಿ ಒಂದು ಕಡೆಗೆ ವಾಲಿದ್ದರೆ ಅದು ಓರೆ. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಉಳಿದ ಮೂರರ ಸಮತಲದಿಂದ ಮೇಲೋ ಕೆಳಗೋ ಇದ್ದರೆ ಅದು ತಿರುಚು. ಓರೆ ಕಣ್ಣಿಗೆ ಕೆಟ್ಟದು, ಆದರೆ ಗಾಜಿಗೆ ಅಷ್ಟೇನೂ ಅಪಾಯವಲ್ಲ. ಲೆಕ್ಕ ನೋಡಿ: 55 ಸೆಂ.ಮೀ. ಆಳದ ನೀರು ಒಂದು ತುದಿಯಲ್ಲಿ 8 ಮಿ.ಮೀ. ಹೆಚ್ಚಾದರೆ ತಳದ ಒತ್ತಡ ಹೆಚ್ಚುವುದು ನೂರಕ್ಕೆ ಒಂದೂವರೆಯಷ್ಟು. ತಿರುಚು ಹಾಗಲ್ಲ. ಗಾಜು ಬಾಗುವ ವಸ್ತುವಲ್ಲ. ಕೆಳಗಿನ ಆಸರೆ ತಿರುಚಿಕೊಂಡಿದ್ದರೆ ಮುಕ್ಕಾಲು ಟನ್ನಿನ ಭಾರ ಅದನ್ನು ಆ ಆಕಾರಕ್ಕೇ ಒಗ್ಗಿಸಲು ನೋಡುತ್ತದೆ. ಎಳೆತವೆಲ್ಲ ಮೂಲೆಯ ಸಿಲಿಕೋನ್ ಬೆಸುಗೆಗೂ ತಳದ ಗಾಜಿಗೂ ಹೋಗುತ್ತದೆ. ಇಂದು ತುಂಬಿಸಿ ನಾಳೆ ಒಡೆಯಬೇಕೆಂದಿಲ್ಲ. ತಿಂಗಳುಗಳ ನಂತರ, ಮನೆಯಲ್ಲಿ ಯಾರೂ ಇಲ್ಲದಾಗಲೂ ಬಾಯಿ ಬಿಡಬಹುದು.

ಥರ್ಮಾಕೋಲ್ ಇವೆರಡನ್ನೂ ಸರಿ ಮಾಡುವುದಿಲ್ಲ. ಪ್ಲೈವುಡ್ಡಿನ ಮೇಲೆ ಸಿಕ್ಕಿಬಿದ್ದ ಮರಳಿನ ಕಾಳು, ತಿರುಪಿನ ತಲೆ, ಒಂದು ಮಿಲಿಮೀಟರಿನ ಉಬ್ಬುತಗ್ಗು, ಇಷ್ಟನ್ನು ನುಂಗಿಕೊಳ್ಳುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ತಗ್ಗಿನಲ್ಲಿದ್ದ ತುದಿ ತಗ್ಗಿನಲ್ಲೇ ಉಳಿಯುತ್ತದೆ.

ಬೆಟಗೇರಿ ಮೀನು

ಹಾಗಾದರೆ ಥರ್ಮಾಕೋಲ್ ಹಾಕಲೇಬಾರದು ಎನ್ನುತ್ತೀರಾ? ಊರಿನ ಎಲ್ಲ ಅಂಗಡಿಯವರೂ ಹಾಕಿಯೇ ಕೊಡುತ್ತಾರೆ.

ರಸಮಟ್ಟ

ಹಾಕಬಾರದು ಎಂದು ಎಲ್ಲಿ ಬರೆದೆ? ತಳದ ಗಾಜು ನೇರವಾಗಿ ಹಲಗೆಯ ಮೇಲೆ ಕೂರುವ ಟ್ಯಾಂಕಿಗೆ ಹಾಕಲೇಬೇಕು, ಇವರದು ಅಂಥದ್ದೇ. ಕೆಳಗೆ ಪ್ಲಾಸ್ಟಿಕ್ ಚೌಕಟ್ಟಿರುವ ಟ್ಯಾಂಕುಗಳೂ ಬರುತ್ತವೆ. ಅವುಗಳಲ್ಲಿ ತಳದ ಗಾಜು ಚೌಕಟ್ಟಿನೊಳಗೆ ಸ್ವಲ್ಪ ಮೇಲೆ ನಿಂತಿರುತ್ತದೆ, ಭಾರ ಹೋಗುವುದು ಅಂಚಿನಿಂದ ಮಾತ್ರ. ಅಲ್ಲಿ ಥರ್ಮಾಕೋಲ್ ಇಟ್ಟರೆ ಅಂಚು ಅದರಲ್ಲಿ ಹುದುಗಿ, ನಡುವಿನ ಭಾಗ ತಳದ ಗಾಜನ್ನು ಕೆಳಗಿನಿಂದ ಒತ್ತುತ್ತದೆ. ಯಾವ ಬಗೆಯ ಟ್ಯಾಂಕ್ ಎಂದು ನೋಡದೆ ಹೇಳುವ ಸಲಹೆ ಸಲಹೆಯೇ ಅಲ್ಲ.

ಗೋಕುಲ ರಸ್ತೆ ವೆಲ್ಡಿಂಗ್

ಕಬ್ಬಿಣದ ಕೆಲಸದವನಾಗಿ ಎರಡು ಮಾತು. ನೆಲವನ್ನು ಬೈಯುವ ಮೊದಲು ಸ್ಟ್ಯಾಂಡನ್ನೇ ಪರೀಕ್ಷಿಸಿ. ವೆಲ್ಡಿಂಗ್ ತಣ್ಣಗಾಗುವಾಗ ಲೋಹ ಕುಗ್ಗಿ ಪೈಪನ್ನು ತನ್ನ ಕಡೆಗೆ ಎಳೆಯುತ್ತದೆ. ನಾಲ್ಕೂ ಮೂಲೆಗೆ ಮೊದಲು ವೆಲ್ಡಿಂಗ್‌ನ ಚಿಕ್ಕ ಚುಕ್ಕಿ ಮಾತ್ರ ಹಾಕಿ, ಮೂಲೆಯಿಂದ ಮೂಲೆಗೆ ಬದಲಿಸುತ್ತ ಪೂರ್ತಿ ಮಾಡಿದರೆ ಎಳೆತ ಸರಿದೂಗುತ್ತದೆ. ಒಂದೇ ಮೂಲೆ ಹಿಡಿದು ಮುಗಿಸುತ್ತ ಹೋದರೆ ಚೌಕಟ್ಟು ತಿರುಚುವುದು ಖಚಿತ, ಎಷ್ಟೇ ಕೈ ಪಳಗಿದ್ದರೂ.

ಪರೀಕ್ಷೆಗೆ ಯಂತ್ರ ಬೇಡ. ಟ್ಯಾಂಕ್ ಮತ್ತು ಪ್ಲೈವುಡ್ ತೆಗೆದು, ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಅಡ್ಡಡ್ಡ ಬಿಗಿಯಾಗಿ ಕಟ್ಟಿ. ಗೌಂಡಿಗಳು ಬಳಸುವ ನೈಲಾನ್ ದಾರವೇ ಸಾಕು. ನಡುವೆ ಹಾಯುವಲ್ಲಿ ಮೇಲಿನ ದಾರ ಕೆಳಗಿನದನ್ನು ಬಾಗಿಸದೆ ತಾಗಿಯೂ ತಾಗದಂತೆ ಇರಬೇಕು. ನಂತರ ಕೆಳಗಿನದನ್ನು ಮೇಲೆ ತಂದು ಮತ್ತೆ ನೋಡಿ. ಒಂದು ಸಲ ಎರಡರ ನಡುವೆ ಸಂದು ಕಂಡು, ಅದಲುಬದಲು ಮಾಡಿದಾಗ ಒಂದನ್ನೊಂದು ಒತ್ತಿದರೆ ಚೌಕಟ್ಟು ತಿರುಚಿದೆ ಎಂದೇ ಅರ್ಥ.

ಕೇಶ್ವಾಪುರದವ

ಅಂದರೆ ಖಾಲಿ ಮಾಡಲೇಬೇಕು ಎಂದಾಯಿತು.

ರಸಮಟ್ಟ

ಮಾಡಲೇಬೇಕು. ತುಂಬಿದ ಟ್ಯಾಂಕಿನ ಒಂದು ಕಾಲನ್ನು ಜ್ಯಾಕ್ ಕೊಟ್ಟು ಎತ್ತುವವರನ್ನು ನೋಡಿದ್ದೇನೆ. ಎತ್ತುವ ಆ ಗಳಿಗೆಯಲ್ಲೇ ಚೌಕಟ್ಟು ತಿರುಚಿ ಗಾಜಿಗೆ ಪೆಟ್ಟಾಗುತ್ತದೆ. ನೀರನ್ನು ಡ್ರಮ್ಮಿಗೆ ತುಂಬಿಸಿಡಿ, ಗಿಡಗಳಿಗಾದರೂ ಆಗುತ್ತದೆ.

ನೆಲದ ಅಳತೆಯನ್ನು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ತೆಗೆಯಿರಿ, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಳಗೆ ಗಾಳಿಯ ಗುಳ್ಳೆ ಇರಬಾರದು, ಓದುವಾಗ ಎರಡೂ ಬಾಯಿ ತೆರೆದಿರಬೇಕು, ಒಂದು ತುದಿಗೆ ಒಬ್ಬರಂತೆ ನಿಲ್ಲಬೇಕು. ರಸಮಟ್ಟ (ಸ್ಪಿರಿಟ್ ಲೆವೆಲ್) ಬಳಸುವುದಾದರೆ ಮೊದಲು ಅದನ್ನೇ ಪರೀಕ್ಷಿಸಿ: ಒಂದು ಕಡೆ ಇಟ್ಟು ಗುಳ್ಳೆ ಎಲ್ಲಿದೆ ನೋಡಿ, ಅದೇ ಜಾಗದಲ್ಲಿ ತುದಿ ಅದಲುಬದಲು ಮಾಡಿ ಇಡಿ. ಗುಳ್ಳೆ ಬೇರೆ ಕಡೆ ಸರಿದರೆ ಆ ರಸಮಟ್ಟ ನಂಬಿಕೆಗೆ ಯೋಗ್ಯವಲ್ಲ. ಒಂದು ಅಡಿಯ ಅಗ್ಗದ ರಸಮಟ್ಟದಿಂದ ಐದು ಅಡಿಯ ಸ್ಟ್ಯಾಂಡ್ ಅಳೆಯುವುದು ಬೇಡ. ನೇರವಾದ ಅಲ್ಯೂಮಿನಿಯಂ ಪಟ್ಟಿಯ ಮೇಲಿಟ್ಟು ಅಳೆಯಿರಿ.

ಹಾವೇರಿ ಏಲಕ್ಕಿ

ಮೇಲಿನ ಮಹಡಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ನನಗೂ ಅದೇ ಬೇಕಾಗಿದೆ. ನಮ್ಮದು ಹಳೆಯ ಮನೆ. ಮರದ ತೊಲೆ, ಅದರ ಮೇಲೆ ಜಂತಿ, ಮೇಲೆ ಮಣ್ಣಿನ ನೆಲ. ಮಾಳಿಗೆಯಲ್ಲಿ 4 ಅಡಿಯ ಟ್ಯಾಂಕ್ ಇಡಬಹುದೇ? ಹಿಂದೆ ಅಲ್ಲಿ ಜೋಳದ ಚೀಲಗಳನ್ನು ಒಟ್ಟುತ್ತಿದ್ದರು.

ಸಪ್ತಾಪುರ ಭಾವಿ

ಕಟ್ಟಡ ವಿನ್ಯಾಸ ನನ್ನ ವೃತ್ತಿ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮನೆಯ ಕೋಣೆಗಳಿಗೆ ಭಾರತೀಯ ಮಾನಕ (ಐಎಸ್) 875, ಭಾಗ 2 ರ ಪ್ರಕಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಬಳಕೆಯ ಭಾರ ಹಿಡಿದು ಸ್ಲ್ಯಾಬ್ ವಿನ್ಯಾಸ ಮಾಡುತ್ತಾರೆ. ಕೇಶ್ವಾಪುರದವರ ಟ್ಯಾಂಕ್ ನಿಲ್ಲುವ ಜಾಗ ಒಂದು ಚದರ ಮೀಟರಿಗಿಂತ ತುಸು ಕಡಿಮೆ. ಅಷ್ಟರ ಮೇಲೆ ಮುಕ್ಕಾಲು ಟನ್. ಅಂದರೆ ಆ ತುಂಡಿನ ಮೇಲೆ ನಾಲ್ಕು ಪಟ್ಟು. "ಕೋಣೆಯಲ್ಲಿ ಹತ್ತು ಜನ ನಿಂತರೂ ಇಷ್ಟೇ ಆಗುತ್ತದಲ್ಲ" ಎಂದು ವಾದಿಸುವವರಿದ್ದಾರೆ. ಹತ್ತು ಜನ ಬಂದು ಹೋಗುತ್ತಾರೆ. ಟ್ಯಾಂಕ್ ಹತ್ತು ವರ್ಷ ಅಲ್ಲೇ ನಿಲ್ಲುತ್ತದೆ, ಕಾಂಕ್ರೀಟೂ ಮರವೂ ನಿರಂತರ ಭಾರಕ್ಕೆ ನಿಧಾನವಾಗಿ ಬಾಗುತ್ತ ಹೋಗುತ್ತವೆ.

ಹಾಗೆಂದು ಮೇಲಿನ ಮಹಡಿ ಪೂರ್ತಿ ನಿಷಿದ್ಧವೆಂದಲ್ಲ. ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಇದೆ. ಕೆಳಗೆ ಗೋಡೆ ಅಥವಾ ತೊಲೆ ಇರುವ, ಸ್ಲ್ಯಾಬ್ ಆತುಕೊಳ್ಳುವ ಅಂಚಿಗೆ ಟ್ಯಾಂಕಿನ ಉದ್ದವನ್ನು ಹೊಂದಿಸಿದರೆ ಭಾರದ ಬಹುಪಾಲು ನೇರವಾಗಿ ಆಸರೆಗೆ ಹೋಗುತ್ತದೆ. ಕೋಣೆಯ ನಡುವೆ ಇಟ್ಟರೆ ಸ್ಲ್ಯಾಬ್ ಬಾಗುವುದು ಅತಿ ಹೆಚ್ಚು. ಹೊರಚಾಚಿದ ಬಾಲ್ಕನಿಯಲ್ಲಂತೂ ಬೇಡವೇ ಬೇಡ. ಮೇಲೆ ಹಗುರ ಇಟ್ಟಿಗೆಯ ಅಡ್ಡಗೋಡೆ ಕಂಡಿತೆಂದು ಅದರ ಕೆಳಗೂ ಆಸರೆ ಇದೆ ಎಂದುಕೊಳ್ಳಬೇಡಿ, ಕೆಳಮಹಡಿಗೆ ಇಳಿದು ನೋಡಿ. ನಕ್ಷೆ ಇದ್ದರೆ ಸ್ಥಳೀಯ ಎಂಜಿನಿಯರ್‌ಗೆ ತೋರಿಸಿ. ಟ್ಯಾಂಕಿನ ಬೆಲೆಯ ಮುಂದೆ ಅವರ ಶುಲ್ಕ ದೊಡ್ಡದಲ್ಲ.

ಹಾವೇರಿಯವರಿಗೆ: ಜೋಳದ ಚೀಲಗಳ ಸಾಕ್ಷ್ಯವನ್ನು ನಂಬಬೇಡಿ. ಅವು ಸುಗ್ಗಿಗೆ ಬಂದು ಮಳೆಗಾಲದ ಹೊತ್ತಿಗೆ ಕರಗುತ್ತಿದ್ದವು, ಆಗ ತೊಲೆಗೆ ಗೆದ್ದಲೂ ಹಿಡಿದಿರಲಿಲ್ಲ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲೂ 250 ಲೀಟರಿನಷ್ಟು ನೀರು ಹಿಡಿಯುತ್ತದೆ. ಮಣ್ಣಿನ ನೆಲಕ್ಕೆ ನೀರು ಚೆಲ್ಲುವುದು ಬೇರೆ ಅಪಾಯ. ಕೆಳಗಿನ ಪಡಸಾಲೆಯ ಕಲ್ಲುಹಾಸಿನ ಮೇಲೆ ಇಡಿ. ಮಾಳಿಗೆಯಲ್ಲೇ ಬೇಕೆಂದರೆ ಚಿಕ್ಕ ಟ್ಯಾಂಕ್ ಇರಲಿ, ಗೋಡೆಗೆ ಹತ್ತಿರ, ಜಂತಿಗಳಿಗೆ ಅಡ್ಡಲಾಗಿ, ಭಾರ ನಾಲ್ಕೈದು ಜಂತಿಗಳಿಗೆ ಹಂಚುವಂತೆ ಇರಲಿ.

ಕೇಶ್ವಾಪುರದವ

ಮೇಲಿನ ಮಹಡಿಯ ಮಾತನ್ನು ಮನೆಯಲ್ಲಿ ನಿಲ್ಲಿಸಿದ್ದೇನೆ, ಸಪ್ತಾಪುರದವರ ಬರಹವನ್ನೇ ಓದಿ ಹೇಳಿದೆ. ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿ ನೆಲ ಅಳೆದೆ. ಮುಂದಿನ ಎಡಮೂಲೆ ಎಲ್ಲಕ್ಕಿಂತ ಎತ್ತರ, ಅದನ್ನು 0 ಎಂದು ಹಿಡಿದರೆ ಮುಂದಿನ ಬಲ 8 ಮಿ.ಮೀ. ತಗ್ಗು, ಹಿಂದಿನ ಎಡ 3, ಹಿಂದಿನ ಬಲ 14. ನಡುಗಾಲುಗಳ ಜಾಗದಲ್ಲಿ ಮುಂದೆ 5, ಹಿಂದೆ 7. ದಾರದ ಪರೀಕ್ಷೆಯಲ್ಲಿ ಸ್ಟ್ಯಾಂಡ್ ಪಾಸಾಯಿತು. ವೆಲ್ಡಿಂಗ್‌ನವರೇ, ಆ ಪರೀಕ್ಷೆ ಬಹಳ ಚೆನ್ನಾಗಿದೆ.

ರಸಮಟ್ಟ

ಈಗ ಕೆಲಸಕ್ಕೆ ಬರುವ ಅಂಕಿಗಳು ಸಿಕ್ಕವು. ಎದುರುಬದುರು ಮೂಲೆಗಳನ್ನು ಕೂಡಿಸಿ: 0 ಮತ್ತು 14 ಸೇರಿ 14, 8 ಮತ್ತು 3 ಸೇರಿ 11. ನೆಲ ಬರೀ ಓರೆಯಾಗಿದ್ದರೆ ಎರಡೂ ಮೊತ್ತ ಸಮ ಬರಬೇಕಿತ್ತು. 3 ಮಿ.ಮೀ. ವ್ಯತ್ಯಾಸವೇ ನಿಮ್ಮ ತಿರುಚು. ನಿಮ್ಮ ಕಣ್ಣಿಗೆ ಹೊಡೆದದ್ದು 8 ಮಿ.ಮೀ., ಗಾಜಿಗೆ ತೊಂದರೆ ಕೊಡುತ್ತಿದ್ದದ್ದು ಈ 3 ಮಿ.ಮೀ.

ಪ್ಯಾಕಿಂಗ್, ಅಂದರೆ ತಗ್ಗು ತುಂಬುವ ತುಂಡುಗಳನ್ನು, ಕೊಡುವುದು ಸ್ಟ್ಯಾಂಡಿನ ಕಾಲಿನ ಕೆಳಗೆ. ಟ್ಯಾಂಕ್ ಮತ್ತು ಪ್ಲೈವುಡ್ಡಿನ ನಡುವೆ ಬೆಣೆ ಸೇರಿಸಿದರೆ ತಳದ ಗಾಜು ಆ ಬೆಣೆಗಳ ಮೇಲೆ ಮಾತ್ರ ನಿಂತು, ನಡುವೆ ಖಾಲಿ ಬೀಳುತ್ತದೆ.

ಬೆಟಗೇರಿ ಮೀನು

ಪ್ಯಾಕಿಂಗ್‌ಗೆ ಏನು ಬಳಸಬೇಕು? ರಟ್ಟು, ಮರದ ಚಕ್ಕೆ ಆಗುತ್ತದೆಯೇ? ಕೇಳುತ್ತಿರುವುದು ನನ್ನ ಟ್ಯಾಂಕಿಗಾಗಿ. ನಿಮ್ಮ ಮಾತು ಕೇಳಿ ಅಳೆದು ನೋಡಿದೆ, ಅದೂ 4 ಮಿ.ಮೀ. ವಾಲಿದೆ. ಸಂತೋಷವೇ?

ಗೋಕುಲ ರಸ್ತೆ ವೆಲ್ಡಿಂಗ್

ರಟ್ಟು ಮೊದಲ ಸಲ ನೀರು ಚೆಲ್ಲಿದಾಗಲೇ ಮುದ್ದೆಯಾಗುತ್ತದೆ, ಮರದ ಚಕ್ಕೆ ಒದ್ದೆಯಾಗಿ ಒಣಗಿ ಅಳತೆ ಬದಲಿಸುತ್ತದೆ. ಪೀಠೋಪಕರಣದ ಅಂಗಡಿಗಳಲ್ಲಿ ಬಿದ್ದಿರುವ ಸನ್‌ಮೈಕಾ ತುಂಡು ಕೇಳಿ. ಅದು ಸಾಮಾನ್ಯವಾಗಿ ಒಂದು ಮಿ.ಮೀ. ದಪ್ಪ, ಒತ್ತಡಕ್ಕೆ ಕುಗ್ಗುವುದಿಲ್ಲ, ಎಣಿಸಿ ಜೋಡಿಸಬಹುದು. 14 ಮಿ.ಮೀ. ಇರುವಲ್ಲಿ 10 ಮಿ.ಮೀ. ಕಬ್ಬಿಣದ ತುಂಡು, ಮೇಲೆ ನಾಲ್ಕು ಸನ್‌ಮೈಕಾ. ಎಲ್ಲಕ್ಕೂ ಕೆಳಗೆ 100×100 ಮಿ.ಮೀ. ಅಳತೆಯ, 6 ಮಿ.ಮೀ. ದಪ್ಪದ ತಗಡು ಹಾಕಿ, ರೆಡ್ ಆಕ್ಸೈಡ್ ಬಳಿಯಿರಿ. ಒಂದೊಂದು ಕಾಲಿಗೆ 125 ಕಿಲೋದಷ್ಟು ಬೀಳುತ್ತದೆ. ಅದು ಬರೀ 4 ಸೆಂ.ಮೀ. ಚೌಕದ ಪೈಪಿನಿಂದ ಟೈಲ್ಸ್ ಮೇಲೆ ಇಳಿಯುವುದಕ್ಕೂ 10 ಸೆಂ.ಮೀ. ಚೌಕದ ತಗಡಿನಿಂದ ಇಳಿಯುವುದಕ್ಕೂ ಒತ್ತಡದಲ್ಲಿ ಆರು ಪಟ್ಟು ವ್ಯತ್ಯಾಸ.

ಆರೂ ಕಾಲು ಭಾರ ಹೊತ್ತಿವೆಯೇ ಎಂದು ತಿಳಿಯಲು ಪ್ರತಿ ಕಾಲಿನ ಕೆಳಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಹೊರಬಂದರೆ ಆ ಕಾಲು ಗಾಳಿಯಲ್ಲಿದೆ.

ಎರೆಹೊಲ

ಎಲ್ಲರೂ ಸ್ಟ್ಯಾಂಡಿನ ಮೇಲೆಯೇ ಮಾತನಾಡುತ್ತಿದ್ದೀರಿ. ಆ ನೆಲ 14 ಮಿ.ಮೀ. ಏಕೆ ಇಳಿಯಿತು ಎಂದು ಯಾರೂ ಕೇಳಲಿಲ್ಲ!

ಗೌಂಡಿ ಬೇಕೆಂದೇ ಕೊಟ್ಟ ಇಳಿಜಾರು ಇರಬಹುದು. ನಮ್ಮ ಕಡೆ ನೆಲ ತೊಳೆದ ನೀರು ಬಾಗಿಲಿಗೆ ಹರಿಯಲೆಂದು ಕೊಡುತ್ತಾರೆ. ಆದರೆ ಆ ಇಳಿಜಾರು ಒಂದೇ ದಿಕ್ಕಿಗೆ ಇರುತ್ತದೆ, ತಿರುಚಿಕೊಂಡಿರುವುದಿಲ್ಲ. ಒಂದೇ ಮೂಲೆ ಇಳಿದಿದೆ ಎಂದರೆ ನನಗೆ ಎರೆ ಮಣ್ಣಿನ ಮೇಲೆ ಅನುಮಾನ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ನವಲಗುಂದ, ಗದಗದವರೆಗೆ ಎರೆಭೂಮಿಯೇ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಗೋಡೆಯ ಬುನಾದಿಯನ್ನು ಆಳಕ್ಕೆ ಒಯ್ದಿರುತ್ತಾರೆ, ಆದ್ದರಿಂದ ಗೋಡೆ ಹೆಚ್ಚು ಅಲುಗುವುದಿಲ್ಲ. ನೆಲಮಹಡಿಯ ಟೈಲ್ಸ್ ಮಾತ್ರ ಬುನಾದಿಗೆ ಕಟ್ಟಿಕೊಂಡಿರುವುದಿಲ್ಲ. ಗೋಡೆಗಳ ನಡುವೆ ತುಂಬಿದ ಮುರುಮಿನ ಮೇಲೆ, ಅದರ ಕೆಳಗಿನ ಎರೆಯ ಮೇಲೆ ಕುಳಿತಿರುತ್ತದೆ. ಮಣ್ಣು ಏರಿದರೆ ನೆಲ ಏರುತ್ತದೆ, ಇಳಿದರೆ ಇಳಿಯುತ್ತದೆ.

ಗುರುತು ನೋಡಿ. ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಗೂ ನೆಲಕ್ಕೂ ನಡುವೆ ಆ ಮೂಲೆಯಲ್ಲಿ ಸಂದು ಬಿದ್ದಿದೆಯೇ? ನಾಣ್ಯದಿಂದ ಟೈಲ್ಸ್ ತಟ್ಟುತ್ತ ಎಡದಿಂದ ಬಲಕ್ಕೆ ಹೋಗಿ. ಗಟ್ಟಿ ಸದ್ದು ಹೋಗಿ ಟೊಳ್ಳು ಸದ್ದು ಬರುವಲ್ಲಿ ಕೆಳಗೆ ಗಾರೆ ಬಿಟ್ಟುಕೊಂಡಿದೆ, ಅಲ್ಲಿ ಕಾಲು ಇಡಬಾರದು. ಗೋಡೆಯ ಆಚೆ ಏನಿದೆ? ಸಂಪು, ಮಾಳಿಗೆಯ ನೀರು ಬೀಳುವ ಪೈಪು, ದಿನವೂ ನೀರು ಹಾಕುವ ಹೂಕುಂಡಗಳ ಸಾಲು, ಇವು ಒಂದು ಮಗ್ಗುಲಿನ ಮಣ್ಣನ್ನು ಒದ್ದೆಯಾಗಿಡುತ್ತವೆ. ಒಂದು ಮಗ್ಗುಲು ಒದ್ದೆ, ಇನ್ನೊಂದು ಒಣ. ನೆಲ ತಿರುಚಲು ಇದಕ್ಕಿಂತ ಬೇರೆ ಕಾರಣ ಬೇಡ.

ಕೇಶ್ವಾಪುರದವ

ಹಿಂದಿನ ಬಲಮೂಲೆಯಲ್ಲಿ ಸ್ಕರ್ಟಿಂಗ್ ಕೆಳಗೆ ಸಂದಿದೆ, ಹಳೆಯ ಹತ್ತು ಪೈಸೆ ನಾಣ್ಯ ಒಳಗೆ ಹೋಗುತ್ತದೆ. ಅಲ್ಲಿನ ಒಂದು ಟೈಲ್ಸ್ ಟೊಳ್ಳು ಸದ್ದು ಮಾಡುತ್ತದೆ. ಸಂಪು ಎಡಗಡೆ, ಮುಂಬಾಗಿಲಿನ ಪಕ್ಕದಲ್ಲಿದೆ. ಸೋರುತ್ತಿರಬಹುದೇ?

ಎರೆಹೊಲ

ಇರಬಹುದು. ನೀವು ಎತ್ತರ ಎಂದ ಮೂಲೆಯೂ ಎಡಗಡೆಯದೇ. ಸಂಪನ್ನು ಗುರುತಿನ ಮಟ್ಟಕ್ಕೆ ತುಂಬಿಸಿ, ಬಳಕೆ ನಿಲ್ಲಿಸಿ, ಒಂದು ರಾತ್ರಿ ಬಿಟ್ಟು ನೋಡಿ. ಟೊಳ್ಳಾದ ಟೈಲ್ಸ್ ಕೀಳಿಸಿ, ಕೆಳಗೆ ತುಂಬಿ, ಮತ್ತೆ ಕೂರಿಸಿ. ಅದಾಗುವವರೆಗೆ ಟ್ಯಾಂಕ್ ತುಂಬಿಸಬೇಡಿ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಸನ್‌ಮೈಕಾ ಜೋಡಿಸುವುದಕ್ಕಿಂತ ಕಾಲಿಗೆ ತಿರುಗಿಸುವ ಬೋಲ್ಟ್ ಹಾಕಿಸುವುದು ಮೇಲು. ನೆಲ ಆಷಾಢಕ್ಕೊಂದು ಮಟ್ಟ, ವೈಶಾಖಕ್ಕೊಂದು ಮಟ್ಟ ಎಂದಾದರೆ ಪ್ರತಿ ಸಲ ಟ್ಯಾಂಕ್ ಎತ್ತಲು ಆಗುವುದಿಲ್ಲ.

ರಸಮಟ್ಟ

ಇದನ್ನು ಒಪ್ಪಲಾರೆ. ಬೋಲ್ಟ್ ಕಂಡರೆ ಜನ ತುಂಬಿದ ಟ್ಯಾಂಕಿನಲ್ಲೇ ತಿರುಗಿಸಲು ಶುರುಮಾಡುತ್ತಾರೆ. ಒಮ್ಮೆ ಸರಿಯಾಗಿ ಪ್ಯಾಕಿಂಗ್ ಕೊಟ್ಟು, ತಗಡಿನ ಕೆಳಗೆ ಕುಗ್ಗದ ಗ್ರೌಟ್ (ಸಂದಿಗೆ ತುಂಬುವ ಸಿಮೆಂಟ್ ಗಾರೆ) ತುಂಬಿಸಿದರೆ ಮುಗಿಯಿತು.

ಎರೆಹೊಲ

ನಿಮ್ಮ ಧಾರವಾಡದ ಕೆಂಪುಮಣ್ಣಿನಲ್ಲಿ ಮುಗಿಯುತ್ತದೆ. ನಿಮ್ಮ ನೆಲ ಅಲುಗುವುದಿಲ್ಲ, ಗ್ರೌಟ್ ಹಾಕಿಕೊಂಡು ಸುಖವಾಗಿರಿ. ಎರೆಯ ಮೇಲೆ ಗ್ರೌಟ್ ಹಾಕಿದರೆ ನೆಲದ ಜೊತೆ ಅದೂ ಏರಿ ಇಳಿಯುತ್ತದೆ, ಸರಿಪಡಿಸಲು ಒಡೆಯಬೇಕಾಗುತ್ತದೆ.

ಸಪ್ತಾಪುರ ಭಾವಿ

ಇಬ್ಬರ ಮಾತೂ ಅವರವರ ಮಣ್ಣಿಗೆ ಸರಿ. ಈ ಮನೆಗೆ ನಾನೂ ಬೋಲ್ಟನ್ನೇ ಹೇಳುತ್ತೇನೆ: 16 ಮಿ.ಮೀ. ಬೋಲ್ಟ್, ಬಿಗಿಯಲು ಎರಡನೆಯ ನಟ್, ಕೆಳಗೆ ವೆಲ್ಡಿಂಗ್‌ನವರು ಹೇಳಿದ ತಗಡು. ನೀರನ್ನು ಕಾಲುಭಾಗಕ್ಕೆ ಇಳಿಸದೆ ಬೋಲ್ಟ್ ಮುಟ್ಟಬಾರದು. ಹೊಸದಾಗಿ ಮಾಡಿಸುವವರಿಗಾದರೆ ಟ್ಯಾಂಕಿನ ಉದ್ದನೆಯ ಬದಿಯನ್ನು ಗೋಡೆಯ ಬುನಾದಿ ತೊಲೆಯ ಮೇಲೆ ಆತುಕೊಳ್ಳುವಂತೆ ಕಾಂಕ್ರೀಟ್ ಕಟ್ಟೆ ಕಟ್ಟಿಸಿ ಎನ್ನುತ್ತಿದ್ದೆ.

ವೇದಿಕೆ ನಿರ್ವಾಹಕ

ಗ್ರೌಟ್ ಬೇಕೋ ಬೇಡವೋ ಎಂಬ ಮುಂದಿನ ವಾಗ್ವಾದವನ್ನು ಬೇರೆ ಚರ್ಚೆಗೆ ಸಾಗಿಸಿದ್ದೇನೆ. ಇಲ್ಲಿ ಟ್ಯಾಂಕಿನ ವಿಷಯ ಮುಂದುವರಿಯಲಿ.

ಕೇಶ್ವಾಪುರದವ

ಸಂಪು ಸೋರುತ್ತಿತ್ತು, ದುರಸ್ತಿ ಆಯಿತು. ಟೈಲ್ಸ್ ಕೂರಿಸಿ, ಬೋಲ್ಟ್ ಹಾಕಿಸಿ, ಖಾಲಿ ಸ್ಟ್ಯಾಂಡನ್ನು ಮಟ್ಟಕ್ಕೆ ತಂದಿದ್ದೇನೆ. ಕಾಗದದ ಪಟ್ಟಿ ಆರೂ ಕಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಈಗ ತುಂಬಿಸುವ ಕ್ರಮ ಹೇಗೆ? ಪ್ಲೈವುಡ್ ಬದಲಿಸಬೇಕೇ? ಅದರ ಮೇಲೆ ಐಎಸ್ 303 ಎಂದು ಬರೆದಿದೆ.

ಗೋಕುಲ ರಸ್ತೆ ವೆಲ್ಡಿಂಗ್

ಐಎಸ್ 303 ರಲ್ಲಿ ಬಿಡಬ್ಲ್ಯುಆರ್ (ಕುದಿಯುವ ನೀರನ್ನೂ ತಡೆಯುವ) ದರ್ಜೆ ಇದ್ದರೆ, ಅಂಚುಗಳಿಗೆಲ್ಲ ಎರಡು ಕೈ ಬಣ್ಣ ಕೊಟ್ಟರೆ ನಡೆಯುತ್ತದೆ. ಎಂಆರ್ (ಬರೀ ತೇವ ತಡೆಯುವ) ಎಂದಿದ್ದರೆ ಬದಲಿಸಿ. ಹೊಸದು ತರುವುದಾದರೆ ಐಎಸ್ 710, ನೀರಿನ ಕೆಲಸಕ್ಕೆ ಅದೇ ಸರಿ. ಪಾರ್ಟಿಕಲ್ ಬೋರ್ಡ್ ಹತ್ತಿರವೂ ಸುಳಿಯಬೇಡಿ.

ರಸಮಟ್ಟ

ಪ್ಲೈವುಡ್ ಗುಡಿಸಿ ಒರೆಸಿ, 12 ಮಿ.ಮೀ. ಥರ್ಮಾಕೋಲ್ ಒಂದೇ ಹಾಳೆಯಾಗಿ ಹಾಸಿ (ಬೆಟಗೇರಿಯವರು ಗಮನಿಸಬೇಕು), ಟ್ಯಾಂಕ್ ಇಡಿ. ಹಿಂದೆ ಪೈಪು ಹಾಯಲು, ಕೈ ಆಡಲು ನಾಲ್ಕು ಬೆರಳಿಗಿಂತ ಹೆಚ್ಚು ಸಂದು ಬಿಡಿ. ಕಾಲುಭಾಗ ತುಂಬಿಸಿ, ನಾಲ್ಕೂ ಮೂಲೆಯಲ್ಲಿ ತಳದ ಅಂಚಿನಿಂದ ನೀರಿನವರೆಗೆ ಅಳೆಯಿರಿ. ಎಲ್ಲ ಮೂಲೆಯೂ 2 ಮಿ.ಮೀ. ಒಳಗೆ ಹೊಂದಿದರೆ ಅರ್ಧಕ್ಕೆ ಏರಿಸಿ, ಮತ್ತೆ ಅಳೆಯಿರಿ. ಅರ್ಧದಲ್ಲಿ ಒಂದು ರಾತ್ರಿ ಬಿಡಿ. ಭಾರ ಬಿದ್ದ ಮೇಲೆ ಸ್ವಲ್ಪ ಕೂರುವುದು ಸಹಜ. ಎದುರುಬದುರು ಮೂಲೆಗಳ ಮೊತ್ತ ಸಮವಾಗಿ ಉಳಿದಿದೆಯೇ, ಅದನ್ನು ನೋಡಿ. ಆಮೇಲೆ ಪೂರ್ತಿ.

ಕೇಶ್ವಾಪುರದವ

ತುಂಬಿಸಿದ್ದೇನೆ. ಬಲತುದಿ 1 ಮಿ.ಮೀ. ತಗ್ಗು, ಮೂಲೆಗಳ ಮೊತ್ತ ಸಮ. ನಾಲ್ಕೂ ಮೂಲೆಯಲ್ಲಿ ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿದ್ದೇನೆ, ಮುಂಗಾರು ಹಿಡಿದ ಮೇಲೆ ಹೋಲಿಸಲು. ಆದರೆ ಈಗಾಗಲೇ ನೀರು ಟೇಪಿಗಿಂತ ಕೆಳಗೆ ಕಾಣುತ್ತಿದೆ. ಸೋರುತ್ತಿದೆಯೇ?

ಎರೆಹೊಲ

ನಾಲ್ಕೂ ಕಡೆ ಒಂದೇ ಅಳತೆ ಇಳಿದಿದ್ದರೆ, ಸ್ಟ್ಯಾಂಡ್ ಒಣಗಿದ್ದರೆ ಅದು ಆವಿ. ಈ ಬಿಸಿಲಿಗೆ ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ ಅದು ಇದ್ದದ್ದೇ. ನೀವು ನೋಡಬೇಕಾದದ್ದು ಟೇಪಿನಿಂದ ನೀರು ಎಷ್ಟು ಇಳಿಯಿತೆಂದಲ್ಲ, ಒಂದು ಮೂಲೆಗೂ ಇನ್ನೊಂದಕ್ಕೂ ಇಳಿದ ಅಳತೆಯಲ್ಲಿ ವ್ಯತ್ಯಾಸವಿದೆಯೇ ಎಂದು. ಆವಿಯಾದಷ್ಟು ನೀರು ಸೇರಿಸುವಾಗ ನಲ್ಲಿ ನೀರಿನ ಕ್ಲೋರಿನ್ ತೆಗೆದು ಸೇರಿಸಿ, ಟೇಪನ್ನು ಅಲ್ಲೇ ಬಿಡಿ.